ಗಣಿ ಮುಚ್ಚಿದ ಕೌಂಟಿಯ ಮನೆವಾರು ಆದಾಯ: ಮೂವತ್ತು ವರ್ಷಗಳ ಅಂದಾಜು ಹೇಗೆ?

ಪ್ರಶ್ನೆ: ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳ ಆರ್ಥಿಕ ಸ್ಥಿತಿ ಹೇಗೆ ಬದಲಾಯಿತೆಂದು ಸಂಶೋಧನೆ ಮಾಡುತ್ತಿದ್ದೇನೆ. ಹೋಲಿಕೆಗೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಕಲ್ಲಿದ್ದಲು ಸೀಮೆಯಾದ ಮ್ಯಾಕ್‌ಡವೆಲ್ ಕೌಂಟಿಯನ್ನು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಆರಿಸಿಕೊಂಡಿದ್ದೇನೆ. ಅಲ್ಲಿಯ ಮನೆವಾರು ಮಧ್ಯಾಂಕ ಆದಾಯಕ್ಕೆ (ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ) ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್‌ನ ‘ಫ್ರೆಡ್’ ತಾಣದಲ್ಲಿ 1989ರಿಂದ ಈಚಿನ ಅಂಕಿಗಳಿವೆ. ಅಮೆರಿಕದ ಜನಗಣತಿ ಸಂಸ್ಥೆಯಾದ ಸೆನ್ಸಸ್ ಬ್ಯೂರೋದ ಐದು ವರ್ಷದ ಕೋಷ್ಟಕಗಳಲ್ಲಿ ಬೇರೆ ಅಂಕಿ ಇದೆ, ಜನಗಣತಿಯಲ್ಲಿ ಮತ್ತೊಂದು. ಯಾವುದನ್ನು ನಂಬಬೇಕು? ಮೂರನ್ನೂ ಜೋಡಿಸಿ ಒಂದೇ ಗೆರೆ ಎಳೆಯಬಹುದೇ? ಇದೇ ವಿಧಾನದಲ್ಲಿ ನಮ್ಮ ತಾಲ್ಲೂಕಿನ ಅಂದಾಜನ್ನೂ ಮಾಡಬಹುದೇ?

ಉತ್ತರ: ಮೂರು ಅಂಕಿಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿವೆ, ಆದರೆ ಅವು ಒಂದೇ ಪ್ರಶ್ನೆಗೆ ಬಂದ ಉತ್ತರಗಳಲ್ಲ. ಆದ್ದರಿಂದ ಅವನ್ನು ಜೋಡಿಸಿ ಒಂದೇ ಗೆರೆ ಎಳೆಯುವುದನ್ನು ಮೊದಲು ಕೈಬಿಡಿ. ಸುಮಾರು ಇಪ್ಪತ್ತು ಸಾವಿರ ಜನಸಂಖ್ಯೆಯ ಗ್ರಾಮೀಣ ಕೌಂಟಿಗೆ ‘ಈ ವರ್ಷದ ಮಧ್ಯಾಂಕ ಆದಾಯ’ ಎಂದು ಯಾರೂ ನೇರವಾಗಿ ಅಳೆದ ಸಂಖ್ಯೆ ಇರುವುದಿಲ್ಲ. ನಿಮಗೆ ಸಿಗುವ ಪ್ರತಿಯೊಂದು ಅಂಕಿಯೂ ಒಂದಷ್ಟು ಮನೆಗಳು ಕೊಟ್ಟ ಉತ್ತರ ಮತ್ತು ಬೇರೆಡೆಯಿಂದ ಎರವಲು ತಂದ ಮಾಹಿತಿ ಇವೆರಡರ ಮಿಶ್ರಣ. ಎರವಲಿನ ಪ್ರಮಾಣ ಎಷ್ಟು, ಅದನ್ನು ತಂದದ್ದು ಎಲ್ಲಿಂದ ಎಂಬುದು ತಿಳಿದರೆ ಯಾವ ಕೆಲಸಕ್ಕೆ ಯಾವ ಅಂಕಿ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಈ ಅಂಕಿಗಳು ಅಳೆಯುವುದು ಏನನ್ನು ಎಂಬಲ್ಲಿಂದಲೇ ಆರಂಭಿಸೋಣ. ಒಂದು ವಾಸದ ಘಟಕದಲ್ಲಿ ಇರುವವರೆಲ್ಲರೂ, ಅವರು ಸಂಬಂಧಿಕರಾಗಿರಲಿ ಇಲ್ಲದಿರಲಿ, ಸೇರಿ ಒಂದು ಮನೆ. ಒಬ್ಬಂಟಿ ವೃದ್ಧೆಯದೂ ಒಂದು ಮನೆಯೇ. ಕುಟುಂಬವೆಂದು ಎಣಿಕೆಯಾಗಲು ರಕ್ತಸಂಬಂಧ, ವಿವಾಹ ಅಥವಾ ದತ್ತುವಿನ ಮೂಲಕ ಸೇರಿದ ಇಬ್ಬರಾದರೂ ಇರಬೇಕು. ಒಬ್ಬಂಟಿ ಮನೆಗಳು ಆ ಲೆಕ್ಕದಿಂದ ಹೊರಗುಳಿಯುವುದರಿಂದ ಕುಟುಂಬದ ಮಧ್ಯಾಂಕವು ಸಾಮಾನ್ಯವಾಗಿ ಮನೆಯ ಮಧ್ಯಾಂಕಕ್ಕಿಂತ ಹೆಚ್ಚಿರುತ್ತದೆ. ನೀವು 1970ರ ಜನಗಣತಿಯವರೆಗೆ ಹಿಂದಕ್ಕೆ ಹೋದರೆ ಅಲ್ಲಿ ಕೌಂಟಿವಾರು ಎದ್ದು ಕಾಣುವುದು 1969ರ ಕುಟುಂಬದ ಆದಾಯವೇ. ಅದನ್ನು ಇಂದಿನ ಮನೆವಾರು ಅಂಕಿಯ ಪಕ್ಕದಲ್ಲಿಟ್ಟರೆ ಇಲ್ಲದ ಕುಸಿತವೊಂದು ಕಾಣಿಸಿಕೊಳ್ಳುತ್ತದೆ. ಆದಾಯವೆಂದರೆ ಇಲ್ಲಿ ತೆರಿಗೆ ಕಡಿತಕ್ಕೆ ಮುಂಚಿನ ನಗದು ಆದಾಯ. ಕೂಲಿ, ಸಂಬಳ, ಸೋಷಿಯಲ್ ಸೆಕ್ಯುರಿಟಿ (ವೃದ್ಧರು, ಅಂಗವಿಕಲರು ಮೊದಲಾದವರಿಗೆ ಸರ್ಕಾರ ಕೊಡುವ ಮಾಸಾಶನ), ಪಿಂಚಣಿ, ಗಣಿಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಸಿಗುವ ‘ಬ್ಲ್ಯಾಕ್ ಲಂಗ್’ ಪರಿಹಾರ ಇವೆಲ್ಲ ಸೇರುತ್ತವೆ. ಫುಡ್ ಸ್ಟ್ಯಾಂಪ್ (ಬಡವರಿಗೆ ಆಹಾರ ಕೊಳ್ಳಲು ಸಿಗುವ ನೆರವು), ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಮತ್ತು ವರ್ಷದ ಕೊನೆಗೆ ತೆರಿಗೆಯ ಮೂಲಕ ಬರುವ ಮರುಪಾವತಿ ಸೇರುವುದಿಲ್ಲ. ಗಣಿ ಮುಚ್ಚಿದ ಊರುಗಳಲ್ಲಿ ಸೇರದಿರುವ ಈ ಭಾಗವೇ ದೊಡ್ಡದಾಗಿರಬಹುದು.

ಇನ್ನೊಂದು ವಿಷಯವನ್ನೂ ಮ್ಯಾಕ್‌ಡವೆಲ್‌ನ ಸಂದರ್ಭದಲ್ಲಿ ಮರೆಯುವಂತಿಲ್ಲ. ಆ ಕೌಂಟಿಯಲ್ಲಿ ಒಂದು ಫೆಡರಲ್ ಕಾರಾಗೃಹವಿದೆ. ಕೈದಿಗಳು ಜನಸಂಖ್ಯೆಯ ಲೆಕ್ಕದಲ್ಲಿ ಇರುತ್ತಾರೆ, ಆದರೆ ಅವರದು ಮನೆಯಲ್ಲ, ಸಾಮೂಹಿಕ ವಸತಿ. ಹೀಗಾಗಿ ತಲಾ ಆದಾಯವನ್ನು ಲೆಕ್ಕ ಹಾಕುವಾಗ ಅವರು ಭಾಜಕದಲ್ಲಿ ಸೇರಿ ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ಮನೆವಾರು ಮಧ್ಯಾಂಕಕ್ಕೆ ಅವರಿಂದ ನೇರವಾಗಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಸಣ್ಣ ಕೌಂಟಿಗಳಲ್ಲಿ ತಲಾ ಆದಾಯ ಒಂದು ದಿಕ್ಕಿಗೂ ಮಧ್ಯಾಂಕ ಇನ್ನೊಂದು ದಿಕ್ಕಿಗೂ ಸಾಗುವುದನ್ನು ಕಂಡರೆ ಮೊದಲು ಜೈಲು, ಕಾಲೇಜು ಹಾಸ್ಟೆಲ್, ವೃದ್ಧಾಶ್ರಮ ಇವೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಈಗ ಮೂಲಗಳಿಗೆ ಬರೋಣ. 2000ದವರೆಗಿನ ಜನಗಣತಿಗಳಲ್ಲಿ ಸರಾಸರಿ ಆರು ಮನೆಗಳಿಗೆ ಒಂದರಂತೆ ಉದ್ದನೆಯ ನಮೂನೆಯೊಂದನ್ನು ಕೊಡುತ್ತಿದ್ದರು. ಆದಾಯದ ಪ್ರಶ್ನೆ ಇದ್ದುದು ಅದರಲ್ಲಿ. ಏಪ್ರಿಲ್‌ನಲ್ಲಿ ಕೇಳುತ್ತಿದ್ದುದು ಹಿಂದಿನ ಕ್ಯಾಲೆಂಡರ್ ವರ್ಷದ ಆದಾಯವನ್ನು. ಆದ್ದರಿಂದ 2000ದ ಜನಗಣತಿಯ ಆದಾಯವು 1999ರದ್ದು, 1990ರದ್ದು 1989ರದ್ದು. ಸ್ಯಾಂಪಲ್ ದೊಡ್ಡದು, ಅವಧಿ ಖಚಿತ. ಗ್ರಾಮೀಣ ಕೌಂಟಿಗೆ ಸಿಗಬಹುದಾದ ಅತ್ಯಂತ ಗಟ್ಟಿ ಅಂಕಿ ಇದು. 2010ರ ಜನಗಣತಿಯ ವೇಳೆಗೆ ಉದ್ದನೆಯ ನಮೂನೆಯನ್ನು ಕೈಬಿಡಲಾಯಿತು.

ಅದರ ಜಾಗಕ್ಕೆ ಬಂದದ್ದು ಅಮೆರಿಕನ್ ಕಮ್ಯುನಿಟಿ ಸರ್ವೆ, ಅಂದರೆ ಎಸಿಎಸ್. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಈ ಸಮೀಕ್ಷೆ ಈಗ ವರ್ಷಕ್ಕೆ ದೇಶಾದ್ಯಂತ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿಕೊಂಡು, ತಿಂಗಳಿಂದ ತಿಂಗಳಿಗೆ ಹಂಚಿಕೊಂಡು, ‘ಕಳೆದ 12 ತಿಂಗಳ’ ಆದಾಯವನ್ನು ಕೇಳುತ್ತದೆ. 65,000ಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಿಗೆ ಮಾತ್ರ ಒಂದು ವರ್ಷದ ಅಂದಾಜು ಪ್ರಕಟವಾಗುತ್ತದೆ. ಉಳಿದವರಿಗೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿದ ಅಂದಾಜೇ ಗತಿ. ಅದರ ಮೊದಲ ಕಂತು 2005–2009ರದ್ದು, ಪ್ರಕಟವಾದದ್ದು 2010ರ ಡಿಸೆಂಬರ್‌ನಲ್ಲಿ. 20,000ಕ್ಕಿಂತ ಹೆಚ್ಚು ಜನರಿದ್ದ ಸ್ಥಳಗಳಿಗೆ ಕೆಲಕಾಲ ಮೂರು ವರ್ಷದ ಅಂದಾಜೂ ಬರುತ್ತಿತ್ತು, 2011–2013ರ ನಂತರ ಅದು ನಿಂತಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆನ್ನುವುದು ನಮ್ಮಲ್ಲಿ ರೂಢಿಯ ಮಾತು. ಅದು ಸಾಕಾಗುವುದು ಪಾತ್ರೆಯ ಎಲ್ಲ ಅಗುಳುಗಳೂ ಒಂದೇ ಹದಕ್ಕೆ ಬೇಯುತ್ತವೆ ಎಂಬ ಕಾರಣಕ್ಕೆ. ಮನೆಗಳ ಆದಾಯ ಹಾಗಲ್ಲ. ಅದೇ ರಸ್ತೆಯಲ್ಲಿ ಗಣಿಯಲ್ಲಿ ದುಡಿಯುವವನ ಮನೆಯೂ ಅಂಗವಿಕಲ ಭತ್ಯೆಯ ಮೇಲೆ ಬದುಕುವವನ ಮನೆಯೂ ಇರುತ್ತವೆ. ಆದ್ದರಿಂದ ಎಷ್ಟು ಮನೆಗಳು ಉತ್ತರಿಸಿವೆ ಎಂಬುದು ನಿರ್ಣಾಯಕ, ಮತ್ತು ಅದನ್ನು ಮುಚ್ಚಿಟ್ಟಿಲ್ಲ: ಎಸಿಎಸ್‌ನ ಬಿ98001 ಎಂಬ ಕೋಷ್ಟಕದಲ್ಲಿ ಪ್ರತಿ ಕೌಂಟಿಯಲ್ಲಿ ಆರಿಸಿದ ವಿಳಾಸಗಳೆಷ್ಟು, ಕೊನೆಗೆ ಪೂರ್ಣವಾದ ಸಂದರ್ಶನಗಳೆಷ್ಟು ಎಂಬುದು ಇದೆ. ಮಧ್ಯಾಂಕವಿರುವ ಬಿ19013 ಕೋಷ್ಟಕವನ್ನು ತೆರೆಯುವ ಮುನ್ನ ಇದನ್ನು ತೆರೆಯುವವರು ಬಹಳ ಕಡಿಮೆ ಎಂಬುದು ನನ್ನ ದೂರು.

ಐದು ವರ್ಷದ ಅಂಕಿಯ ಸ್ವಭಾವವನ್ನೂ ಅರಿತಿರಬೇಕು. 2006–2010ರ ಅಂದಾಜು 2010ರ ಆದಾಯವಲ್ಲ. ಐದು ವರ್ಷಗಳಲ್ಲಿ ಬಂದ ಉತ್ತರಗಳನ್ನೆಲ್ಲ 2010ರ ಡಾಲರ್ ಬೆಲೆಗೆ ಏರಿಸಿ ಒಟ್ಟಿಗೆ ತೂಗಿದ್ದು. ಅದರ ನಡುಬಿಂದು ಸುಮಾರು 2008. ಹಾಗೆಯೇ 2006–2010 ಮತ್ತು 2007–2011ರ ಅಂದಾಜುಗಳಲ್ಲಿ ನಾಲ್ಕು ವರ್ಷದ ಉತ್ತರಗಳು ಒಂದೇ ಆಗಿರುತ್ತವೆ. ಅವುಗಳ ನಡುವಿನ ವ್ಯತ್ಯಾಸವನ್ನು ‘ಒಂದು ವರ್ಷದ ಬದಲಾವಣೆ’ ಎಂದು ಬರೆಯುವುದು ತಪ್ಪು. ಒಂದರ ಮೇಲೊಂದು ಬೀಳದ ಅವಧಿಗಳನ್ನು, ಉದಾಹರಣೆಗೆ 2009–2013, 2014–2018, 2019–2023, ಇವನ್ನು ಮಾತ್ರ ಹೋಲಿಸಿ. ಮ್ಯಾಕ್‌ಡವೆಲ್‌ನಲ್ಲಿ ಸಿಗುವುದು ಉಕ್ಕಿನ ಕುಲುಮೆಗೆ ಹೋಗುವ ಉತ್ತಮ ದರ್ಜೆಯ ಕಲ್ಲಿದ್ದಲು. ಅದರ ಬೆಲೆ 2011ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಗಣಿಗಳು ಪ್ರವಾಹದಲ್ಲಿ ಮುಳುಗಿದಾಗ, ವಿಪರೀತ ಏರಿತ್ತು, 2015ರ ವೇಳೆಗೆ ಕುಸಿದಿತ್ತು. 2011–2015ರ ಅಂದಾಜಿನೊಳಗೆ ಆ ಏರಿಕೆಯೂ ಇಳಿಕೆಯೂ ಎರಡೂ ಕರಗಿಹೋಗಿವೆ.

ಇನ್ನು ಫ್ರೆಡ್ ತಾಣದ ಅಂಕಿ. ಅದು ಫೆಡರಲ್ ರಿಸರ್ವ್‌ನ ಸ್ವಂತ ಅಂದಾಜಲ್ಲ. ಸೆನ್ಸಸ್ ಬ್ಯೂರೋದ ‘ಸ್ಮಾಲ್ ಏರಿಯಾ ಇನ್‌ಕಮ್ ಅಂಡ್ ಪಾವರ್ಟಿ ಎಸ್ಟಿಮೇಟ್ಸ್’, ಚಿಕ್ಕದಾಗಿ ‘ಸೈಪ್’, ಎಂಬ ಯೋಜನೆಯದು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರದ ಅನುದಾನ ಹಂಚುವಾಗ ಹತ್ತು ವರ್ಷ ಹಳೆಯ ಜನಗಣತಿಯನ್ನೇ ನೆಚ್ಚಿಕೊಂಡಿರಬಾರದು ಎಂಬ ಒತ್ತಾಯದಿಂದ 1990ರ ದಶಕದಲ್ಲಿ ಇದು ರೂಪುಗೊಂಡಿತು. ಕೌಂಟಿ ಮಟ್ಟದ ಅಂಕಿಗಳು 1989, 1993, 1995ಕ್ಕೆ ಇವೆ. 1997ರಿಂದ ಪ್ರತಿ ವರ್ಷಕ್ಕೂ ಇವೆ. ನಡುವಿನ ಬಿಟ್ಟ ವರ್ಷಗಳನ್ನು ನಕ್ಷೆಯ ಗೆರೆ ಹಾರಿ ದಾಟುತ್ತದೆಯಾದ್ದರಿಂದ 1990ರಿಂದ 1992ರವರೆಗೂ ಮಾಹಿತಿ ಇದೆಯೆಂಬ ಭ್ರಮೆ ಬೇಡ.

ಸೈಪ್‌ನ ಒಳಗಿನ ಕೆಲಸ ಹೀಗಿದೆ. ಮೊದಲನೆಯದು, ಆ ಕೌಂಟಿಯಿಂದ ಬಂದ ಸಮೀಕ್ಷೆಯ ಉತ್ತರಗಳ ನೇರ ಅಂದಾಜು. 65,000ಕ್ಕಿಂತ ಚಿಕ್ಕ ಕೌಂಟಿಗಳಿಗೆ ಪ್ರಕಟವಾಗದ ಎಸಿಎಸ್‌ನ ಒಂದು ವರ್ಷದ ಅಂಕಿಯೇ ಇಲ್ಲಿ ಒಳಗೊಳಗೆ ಬಳಕೆಯಾಗುತ್ತದೆ. ಎರಡನೆಯದು, ಹಿಂಚಲನೆಯ ಸಮೀಕರಣದಿಂದ ಬಂದ ಅಂದಾಜು: ಆದಾಯ ತೆರಿಗೆ ವಿವರಪಟ್ಟಿಗಳ ಮಧ್ಯಾಂಕ ಆದಾಯ, ಫುಡ್ ಸ್ಟ್ಯಾಂಪ್ ಪಡೆಯುವವರ ಪ್ರಮಾಣ, ಅಮೆರಿಕ ಸರ್ಕಾರದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಲೆಕ್ಕ ಹಾಕುವ ವೈಯಕ್ತಿಕ ಆದಾಯ, ಹಿಂದಿನ ಜನಗಣತಿಯ ಮಧ್ಯಾಂಕ ಇಂಥವನ್ನು ದೇಶದ ಸುಮಾರು 3,100 ಕೌಂಟಿಗಳಿಂದ ತೆಗೆದುಕೊಂಡು, ಇಂಥ ಲಕ್ಷಣಗಳಿರುವ ಕೌಂಟಿಯ ಮಧ್ಯಾಂಕ ಎಷ್ಟಿರಬಹುದೆಂದು ಮಾಡೆಲ್ ಊಹಿಸುತ್ತದೆ. ಆಮೇಲೆ ಈ ಎರಡನ್ನೂ, ಯಾವುದರ ಅನಿಶ್ಚಿತತೆ ಕಡಿಮೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು, ಬೆರೆಸಲಾಗುತ್ತದೆ. ಈ ಬೆರಕೆಯ ಸೂತ್ರಕ್ಕೆ ಮೂಲ, ಸಾವಿರಕ್ಕಿಂತ ಕಡಿಮೆ ಜನರ ಊರುಗಳ ತಲಾ ಆದಾಯವನ್ನು ಅಂದಾಜಿಸಲು ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ಪ್ರಕಟಿಸಿದ ವಿಧಾನ.

ಊಹೆಯ ಅಂಕಿಗಳಿಂದ ಒಂದು ಲೆಕ್ಕ ಮಾಡಿ ನೋಡೋಣ. ನೇರ ಅಂದಾಜು 34,000 ಡಾಲರ್, ಅದರ ಪ್ರಮಾಣಿತ ದೋಷ, ಅಂದರೆ ಸ್ಯಾಂಪಲ್ ಕಾರಣದಿಂದ ಅಂದಾಜು ಸಾಮಾನ್ಯವಾಗಿ ಆಚೀಚೆ ಆಗುವಷ್ಟು, 3,000. ಮಾಡೆಲ್‌ನ ಊಹೆ 29,000, ಅದರ ದೋಷ 1,500 ಎಂದಿರಲಿ. ದೋಷಗಳನ್ನು ವರ್ಗ ಮಾಡಿದರೆ 90 ಲಕ್ಷ ಮತ್ತು 22.5 ಲಕ್ಷ. ನೇರ ಅಂದಾಜಿಗೆ ಸಿಗುವ ತೂಕ, 22.5 ಲಕ್ಷವನ್ನು ಎರಡರ ಮೊತ್ತವಾದ 112.5 ಲಕ್ಷದಿಂದ ಭಾಗಿಸಿದಷ್ಟು, ಅಂದರೆ 0.2. ಹಾಗಾಗಿ ಅಂತಿಮ ಅಂದಾಜು 29,000ಕ್ಕೆ 5,000ದ ಐದನೇ ಒಂದು ಭಾಗವನ್ನು ಸೇರಿಸಿದ 30,000. ನಿಜವಾದ ಲೆಕ್ಕ ಲಾಗರಿದಮ್‌ನಲ್ಲಿ ನಡೆಯುತ್ತದೆ, ತತ್ತ್ವ ಮಾತ್ರ ಇದೇ. ಕೌಂಟಿಯ ಜನರೇ ಕೊಟ್ಟ ಉತ್ತರಕ್ಕೆ ಇಲ್ಲಿ ಐದರಲ್ಲಿ ಒಂದು ಪಾಲು, ಉಳಿದ ನಾಲ್ಕು ಪಾಲು ಅದನ್ನು ಹೋಲುವ ಕೌಂಟಿಗಳಿಂದ ಬಂದ ಎರವಲು. ಕೌಂಟಿ ಚಿಕ್ಕದಾದಷ್ಟೂ ಎರವಲು ಹೆಚ್ಚು.

ಇದು ಮೋಸವಲ್ಲ, ಅತ್ಯಂತ ಸಮಂಜಸವಾದ ವಿಧಾನ. ಆದರೆ ಇದರಿಂದ ಎರಡು ಪರಿಣಾಮಗಳಿವೆ. ತನ್ನಂಥ ಕೌಂಟಿಗಳಿಗಿಂತ ನಿಜವಾಗಿಯೂ ಭಿನ್ನವಾದ ಕೌಂಟಿಯ ಅಂಕಿ ಮಾಡೆಲ್‌ನ ಕಡೆಗೆ ಜಗ್ಗಿಸಿಕೊಳ್ಳುತ್ತದೆ; ಒಂದು ಗಣಿ ಮುಚ್ಚಿದ ವರ್ಷದ ಆಘಾತ ಅದರಲ್ಲಿ ಮೆತ್ತಗಾಗಿ ಕಾಣುತ್ತದೆ. ಎರಡನೆಯದಾಗಿ, ಎರವಲು ಮೂಲಗಳ ನಿಯಮ ಬದಲಾದರೆ ಅದರ ನೆರಳು ಅಂದಾಜಿನ ಮೇಲೂ ಬೀಳಬಹುದು. 2008ರಲ್ಲಿ ಉತ್ತೇಜನ ಹಣ ಪಡೆಯಲು ತೆರಿಗೆ ವಿವರ ಸಲ್ಲಿಸಲೇಬೇಕಾಗಿದ್ದರಿಂದ, ಎಂದೂ ಸಲ್ಲಿಸದ ಕಡಿಮೆ ಆದಾಯದವರು ಆ ಬಾರಿ ದೊಡ್ಡ ಸಂಖ್ಯೆಯಲ್ಲಿ ಸಲ್ಲಿಸಿದರು. ಇಂಥ ಬದಲಾವಣೆ ದೇಶಕ್ಕೆಲ್ಲ ಒಂದೇ ರೀತಿ ಆದರೆ, ಸಮೀಕರಣವನ್ನು ಪ್ರತಿ ವರ್ಷವೂ ಹೊಸದಾಗಿ ಕಟ್ಟುವುದರಿಂದ, ಬಹುಮಟ್ಟಿಗೆ ಅಲ್ಲೇ ಸರಿಹೋಗುತ್ತದೆ. ಆದರೆ ಒಂದು ರಾಜ್ಯ ಮಾತ್ರ ಫುಡ್ ಸ್ಟ್ಯಾಂಪ್‌ಗೆ ದುಡಿಮೆಯ ಷರತ್ತನ್ನು ಬಿಗಿಗೊಳಿಸಿ ಫಲಾನುಭವಿಗಳನ್ನು ಕಡಿಮೆ ಮಾಡಿದರೆ, ಆ ರಾಜ್ಯದ ಬಡ ಕೌಂಟಿಗಳು ಇದ್ದಕ್ಕಿದ್ದಂತೆ ಸ್ವಲ್ಪ ಸ್ಥಿತಿವಂತವಾದಂತೆ ಮಾಡೆಲ್‌ಗೆ ತೋರಬಹುದು. ಫುಡ್ ಸ್ಟ್ಯಾಂಪ್‌ನ ಈಗಿನ ವ್ಯವಸ್ಥೆಯ ಮೊದಲ ಪ್ರಾಯೋಗಿಕ ವಿತರಣೆ 1961ರ ಮೇ ತಿಂಗಳಲ್ಲಿ ನಡೆದದ್ದು ನಿಮ್ಮ ಮ್ಯಾಕ್‌ಡವೆಲ್ ಕೌಂಟಿಯ ವೆಲ್ಚ್ ಪಟ್ಟಣದಲ್ಲೇ. ಅದೇ ಕೌಂಟಿಯ ಆದಾಯವನ್ನು ಇಂದು ಊಹಿಸಲು ಅದೇ ಯೋಜನೆಯ ಪಟ್ಟಿ ನೆರವಾಗುತ್ತಿದೆ.

ಸೈಪ್ ಸರಣಿಯೊಳಗೆ ಒಂದು ಬಿರುಕೂ ಇದೆ. 2004ರ ಆದಾಯದವರೆಗೆ ನೇರ ಅಂದಾಜು ಬರುತ್ತಿದ್ದುದು ಕರೆಂಟ್ ಪಾಪ್ಯುಲೇಷನ್ ಸರ್ವೆ ಎಂಬ ಇನ್ನೊಂದು ಸಮೀಕ್ಷೆಯಿಂದ. ಮೂರು ವರ್ಷ ಸೇರಿಸಿದರೂ ಬಹುಪಾಲು ಕೌಂಟಿಗಳಿಂದ ಅದರಲ್ಲಿ ಒಂದು ಮನೆಯೂ ಇರುತ್ತಿರಲಿಲ್ಲ. ಅಂಥಲ್ಲಿ ಪ್ರಕಟವಾದ ಅಂಕಿ ಸಂಪೂರ್ಣವಾಗಿ ಮಾಡೆಲ್‌ನದು. 2005ರಿಂದ ಎಸಿಎಸ್ ಬಂದಿದೆ. 2004 ಮತ್ತು 2005ರ ನಡುವೆ ಕಾಣುವ ಜಿಗಿತದಲ್ಲಿ ಆರ್ಥಿಕತೆಯ ಪಾಲೆಷ್ಟು, ವಿಧಾನ ಬದಲಾವಣೆಯ ಪಾಲೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ನಕ್ಷೆಯಲ್ಲಿ ಅಲ್ಲಿ ಗೆರೆಯನ್ನು ಕತ್ತರಿಸಿ. 2020ರ ಬಗ್ಗೆಯೂ ಎಚ್ಚರವಿರಲಿ: ಕೋವಿಡ್ ಕಾಲದಲ್ಲಿ ಉತ್ತರಿಸಿದವರು ತೀರಾ ಕಡಿಮೆಯಾಗಿ, ಉತ್ತರಿಸಿದವರಲ್ಲಿ ಅನುಕೂಲಸ್ಥರೇ ಹೆಚ್ಚಾದ್ದರಿಂದ, ಆ ವರ್ಷದ ಎಸಿಎಸ್ ಒಂದು ವರ್ಷದ ಅಂಕಿಗಳನ್ನು ಬ್ಯೂರೋ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೊಂದಿಗೆ ಮಾತ್ರ ಬಿಡುಗಡೆ ಮಾಡಿತು.

ಹಣದುಬ್ಬರದ ವಿಷಯದಲ್ಲಿ ನಿಮ್ಮ ಕೌಂಟಿಯ ಅಂಕಿಯೇ ಪಾಠ ಹೇಳುತ್ತದೆ. 2000ದ ಜನಗಣತಿಯಂತೆ ಮ್ಯಾಕ್‌ಡವೆಲ್‌ನ ಮನೆವಾರು ಮಧ್ಯಾಂಕ ಆದಾಯ 16,931 ಡಾಲರ್. 2006–2010ರ ಎಸಿಎಸ್ ಅಂದಾಜಿನಂತೆ 22,154 ಡಾಲರ್. ನೋಡಿದ ಕೂಡಲೇ ಶೇ. 31ರಷ್ಟು ಏರಿಕೆ. ಅಮೆರಿಕದ ನಗರ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 1999ರಲ್ಲಿ 166.6 ಇತ್ತು, 2010ರಲ್ಲಿ 218.1ಕ್ಕೆ ಏರಿತ್ತು. ಆ ಪ್ರಮಾಣದಲ್ಲಿ 16,931ನ್ನು ಹಿಗ್ಗಿಸಿದರೆ ಸುಮಾರು 22,160 ಬರುತ್ತದೆ. ಏರಿಕೆ ಎಂದುಕೊಂಡದ್ದು ಪೂರ್ತಿ ಬೆಲೆ ಏರಿಕೆಯೇ ಆಗಿತ್ತು. ನೈಜ ಆದಾಯ ಇದ್ದಲ್ಲೇ ಇತ್ತು. ಫ್ರೆಡ್ ತಾಣದ ಸೈಪ್ ಸರಣಿಯೂ ಆಯಾ ವರ್ಷದ ಡಾಲರ್‌ನಲ್ಲೇ ಇದೆ. ಹಣದುಬ್ಬರವನ್ನು ನೀವೇ ಕಳೆಯಬೇಕು. ಎಸಿಎಸ್ ಕೋಷ್ಟಕಗಳು ಅವಧಿಯ ಕೊನೆಯ ವರ್ಷದ ಡಾಲರ್‌ನಲ್ಲಿರುತ್ತವೆ, ಆದರೆ ಎರಡು ಅವಧಿಗಳನ್ನು ಹೋಲಿಸುವಾಗ ಹಳೆಯದನ್ನು ಮತ್ತೆ ಏರಿಸಬೇಕು.

ಹಾಗಾದರೆ ಹತ್ತು ವರ್ಷ ಏನೂ ಆಗಲಿಲ್ಲವೇ? ಇಡೀ ದೇಶದ ಮಧ್ಯಾಂಕವನ್ನು ಪಕ್ಕಕ್ಕಿಟ್ಟು ನೋಡಿ. ಅದು 41,994ರಿಂದ 51,914ಕ್ಕೆ ಹೋಯಿತು. ಹಣದುಬ್ಬರ ಕಳೆದರೆ ಇದು ಶೇ. 5ಕ್ಕಿಂತ ಹೆಚ್ಚಿನ ಇಳಿಕೆ. ದೇಶದ ಮಧ್ಯಾಂಕಕ್ಕೆ ಹೋಲಿಸಿದರೆ ಮ್ಯಾಕ್‌ಡವೆಲ್ ಶೇ. 40ರಿಂದ ಶೇ. 43ರ ಸಮೀಪಕ್ಕೆ ಬಂದಿತ್ತು. ಈ ಅನುಪಾತ ನನಗೆ ಇಷ್ಟವಾದ ಅಳತೆ, ಏಕೆಂದರೆ ಯಾವ ಬೆಲೆ ಸೂಚ್ಯಂಕ ಬಳಸಬೇಕೆಂಬ ಜಗಳವೂ, ಜನಗಣತಿಗಿಂತ ಎಸಿಎಸ್‌ನಲ್ಲಿ ಆದಾಯ ತುಸು ಕಡಿಮೆ ದಾಖಲಾಗುವ ಪ್ರವೃತ್ತಿಯೂ ಎರಡೂ ಕಡೆ ಸಮವಾಗಿ ಬಿದ್ದು ಬಹುಪಾಲು ಹೊಡೆದುಹೋಗುತ್ತವೆ. ಆದರೂ ಅನುಪಾತದಲ್ಲಿ ಕಂಡ ಈ ಎರಡು-ಮೂರು ಶೇಕಡಾ ಅಂಶಗಳ ಏರಿಕೆಯ ಮೇಲೆ ಕಥೆ ಕಟ್ಟುವ ಮುಂಚೆ ಜನಸಂಖ್ಯೆಯನ್ನು ನೋಡಿ: 2000ದಲ್ಲಿ 27,329, 2010ರಲ್ಲಿ 22,113, 2020ರಲ್ಲಿ 19,111. ಮೊದಲ ಹತ್ತು ವರ್ಷದಲ್ಲೇ ಐದನೇ ಒಂದು ಭಾಗದಷ್ಟು ಜನ ಕಡಿಮೆಯಾದರು. 2001 ಮತ್ತು 2002ರ ಪ್ರವಾಹಗಳು ಬೇರೆ ಬಂದುಹೋದವು. ಕೆಲಸ ಕಳೆದುಕೊಂಡ, ಏನೂ ಆದಾಯವಿಲ್ಲದ ಮನೆಗಳು ಊರು ಬಿಟ್ಟು, ಪಿಂಚಣಿ ಮತ್ತು ಸೋಷಿಯಲ್ ಸೆಕ್ಯುರಿಟಿ ಇರುವ ಮನೆಗಳು ಉಳಿದರೆ, ಒಂದೇ ಒಂದು ಮನೆಯ ಆದಾಯವೂ ಹೆಚ್ಚದೆ ಮಧ್ಯಾಂಕ ಮೇಲೇರುತ್ತದೆ. ದುಡಿಯುವ ವಯಸ್ಸಿನವರೇ ಹೊರಟುಹೋದರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಕೌಂಟಿಯ ಮಧ್ಯಾಂಕವೆಂದರೆ ಆ ಕ್ಷಣದಲ್ಲಿ ಅಲ್ಲಿ ಉಳಿದಿರುವವರ ಮಧ್ಯಾಂಕ, ಮೊದಲು ಅಲ್ಲಿದ್ದವರಿಗೆ ಏನಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಕೆಜಿಎಫ್‌ಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಅಲ್ಲಿಂದ ದಿನವೂ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗಿಬರುವವರನ್ನೂ, ಬೆಂಗಳೂರಿನಲ್ಲೇ ನೆಲೆನಿಂತವರನ್ನೂ ಒಂದೇ ಲೆಕ್ಕದಲ್ಲಿ ಇಡಲು ಬರುವುದಿಲ್ಲ.

ಎರಡು ಅವಧಿಗಳ ವ್ಯತ್ಯಾಸ ನಿಜವೇ ಅಥವಾ ಸ್ಯಾಂಪಲ್‌ನ ಏರಿಳಿತವೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಎಸಿಎಸ್ ಪ್ರಕಟಿಸುವ ದೋಷಮಿತಿ (ಅಂದಾಜಿನ ಎರಡೂ ಬದಿಯ ಅನಿಶ್ಚಿತತೆಯ ಅಗಲ) ಶೇ. 90ರ ವಿಶ್ವಾಸ ಮಟ್ಟದ್ದು, 1.645ರಿಂದ ಭಾಗಿಸಿದರೆ ಪ್ರಮಾಣಿತ ದೋಷ ಸಿಗುತ್ತದೆ. ಒಂದೇ ವರ್ಷದ ಡಾಲರ್‌ಗೆ ತಂದ ಮೇಲೆ ಒಂದು ಅವಧಿಯ ಅಂದಾಜು 28,000, ದೋಷಮಿತಿ 3,300. ಮತ್ತೊಂದು ಅವಧಿಯದು 31,000, ದೋಷಮಿತಿ 3,600 ಎಂದು ಭಾವಿಸಿ. ಪ್ರಮಾಣಿತ ದೋಷಗಳು ಸುಮಾರು 2,006 ಮತ್ತು 2,188. ಅವುಗಳ ವರ್ಗಗಳ ಮೊತ್ತದ ವರ್ಗಮೂಲ ಸುಮಾರು 2,970. ವ್ಯತ್ಯಾಸವಾದ 3,000ವನ್ನು ಇದರಿಂದ ಭಾಗಿಸಿದರೆ 1.01. ಅದು 1.645ನ್ನು ಮುಟ್ಟಲಿಲ್ಲವಾದ್ದರಿಂದ ಶೇ. 11ರಷ್ಟು ದೊಡ್ಡದಾಗಿ ಕಾಣುವ ಈ ಏರಿಕೆಯನ್ನು ಏರಿಕೆ ಎಂದು ಕರೆಯುವಂತಿಲ್ಲ. ಗ್ರಾಮೀಣ ಕೌಂಟಿಗಳಲ್ಲಿ ಇಂಥ ಫಲಿತಾಂಶ ಅಪರೂಪವಲ್ಲ, ನಿರಾಶರಾಗಬೇಡಿ. ಅವಧಿಗಳು ಒಂದರ ಮೇಲೊಂದು ಬೀಳುತ್ತಿದ್ದರೆ ಈ ಸರಳ ಸೂತ್ರ ನಡೆಯದು.

ದೋಷಮಿತಿ ತೀರಾ ಅಗಲವಾಗಿದ್ದರೆ ನೆರೆಯ ಕೌಂಟಿಗಳನ್ನು ಸೇರಿಸಿ ಒಂದು ಪ್ರದೇಶವಾಗಿ ನೋಡಬಹುದು. ಆಗ ಮಧ್ಯಾಂಕಗಳ ಸರಾಸರಿ ತೆಗೆಯುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಮಧ್ಯಾಂಕಗಳನ್ನು ಕೂಡಿಸಿ ಭಾಗಿಸಲು ಬರುವುದಿಲ್ಲ. ಅದರ ಬದಲು ಬಿ19001 ಕೋಷ್ಟಕವನ್ನು ತೆಗೆದುಕೊಳ್ಳಿ. ಅದರಲ್ಲಿ ಮನೆಗಳನ್ನು ಹತ್ತು ಸಾವಿರಕ್ಕಿಂತ ಕಡಿಮೆಯಿಂದ ಎರಡು ಲಕ್ಷ ಮತ್ತು ಮೇಲ್ಪಟ್ಟದ್ದರವರೆಗೆ 16 ಆದಾಯ ವರ್ಗಾಂತರಗಳಲ್ಲಿ ಎಣಿಸಿರುತ್ತಾರೆ. ಎಲ್ಲ ಕೌಂಟಿಗಳ ಎಣಿಕೆಯನ್ನು ವರ್ಗಾಂತರವಾರು ಕೂಡಿಸಿ, ಹತ್ತನೇ ತರಗತಿಯ ಗಣಿತದಲ್ಲಿ ಸಂಚಿತ ಆವೃತ್ತಿಯಿಂದ ಮಧ್ಯಾಂಕ ಕಂಡುಹಿಡಿಯಲು ಕಲಿತ ಸೂತ್ರವನ್ನೇ ಹಾಕಿ. ಒಟ್ಟು 10,000 ಮನೆ, 25,000 ಡಾಲರ್‌ಗಿಂತ ಕೆಳಗೆ 4,600 ಮನೆ, 25,000ದಿಂದ 30,000ದ ವರ್ಗಾಂತರದಲ್ಲಿ 800 ಮನೆ ಇದ್ದರೆ, ಐದು ಸಾವಿರನೇ ಮನೆಯನ್ನು ತಲುಪಲು ಇನ್ನೂ 400 ಬೇಕು, 800ರಲ್ಲಿ 400 ಎಂದರೆ ವರ್ಗಾಂತರದ ಅರ್ಧ, ಮಧ್ಯಾಂಕ 27,500.

ವರ್ಷವಾರು ಏರಿಳಿತವೇ ನಿಮಗೆ ಮುಖ್ಯವಾದರೆ ಮಧ್ಯಾಂಕವನ್ನು ಬಿಟ್ಟು ಬೇರೆ ಸಾಕ್ಷಿ ಹುಡುಕುವುದು ಉತ್ತಮ. ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್‌ನ ಕೌಂಟಿವಾರು ವೈಯಕ್ತಿಕ ಆದಾಯ 1969ರಿಂದ ಪ್ರತಿ ವರ್ಷಕ್ಕೂ ಇದೆ. ಅದು ಸ್ಯಾಂಪಲ್ ಸಮೀಕ್ಷೆಯಲ್ಲ, ಆಡಳಿತ ದಾಖಲೆಗಳಿಂದ ಕಟ್ಟಿದ್ದು. 1986ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ಗ್ಯಾರಿ ಪಟ್ಟಣದ ಗಣಿಗಳನ್ನು ಮುಚ್ಚಿದ್ದು, 2016ರ ಆರಂಭದಲ್ಲಿ ಕಿಂಬಲ್‌ನ ವಾಲ್‌ಮಾರ್ಟ್ ಮುಚ್ಚಿದ್ದು ಇಂಥವು ಯಾವಾಗ ಎಷ್ಟು ತಟ್ಟಿದವೆಂದು ನೋಡಲು ಅದರಲ್ಲಿನ ಕೂಲಿ-ಸಂಬಳದ ಸಾಲನ್ನು ಬಳಸಿ. ಒಟ್ಟು ಮೊತ್ತವನ್ನಲ್ಲ, ಏಕೆಂದರೆ ಅದರಲ್ಲಿ ಮೆಡಿಕೇಡ್ ಸಹ ಆದಾಯವೆಂದೇ ಸೇರಿರುತ್ತದೆ. ಕೂಲಿ ಕುಸಿದಾಗ ಸರ್ಕಾರದಿಂದ ಬರುವ ನೆರವಿನ ಹಣ ಏರಿ ಒಟ್ಟು ಮೊತ್ತ ಸಮತಟ್ಟಾಗಿ ತೋರುತ್ತದೆ.

ನಿಮ್ಮ ಪ್ರಬಂಧಕ್ಕೆ ನನ್ನ ಸಲಹೆ: 1989 ಮತ್ತು 1999ರ ಜನಗಣತಿಯ ಅಂಕಿಗಳನ್ನೂ, ಒಂದರ ಮೇಲೊಂದು ಬೀಳದ ಮೂರು ಎಸಿಎಸ್ ಅವಧಿಗಳನ್ನೂ ಬಿಡಿ ಚುಕ್ಕೆಗಳಾಗಿ, ದೋಷಮಿತಿಯ ಸಮೇತ, ಒಂದೇ ವರ್ಷದ ಡಾಲರ್‌ನಲ್ಲಿ ಗುರುತಿಸಿ, ಎಸಿಎಸ್ ಚುಕ್ಕೆಯನ್ನು ಅವಧಿಯ ನಡುವರ್ಷದ ಮೇಲಿಡಿ. ಹಿನ್ನೆಲೆಯಲ್ಲಿ ಮಸುಕಾದ ಬಣ್ಣದಲ್ಲಿ ಸೈಪ್ ಗೆರೆಯನ್ನು, 2004ರ ಬಳಿ ಕತ್ತರಿಸಿ, ಅದರ ಶೇ. 90ರ ವಿಶ್ವಾಸ ಪಟ್ಟಿಯೊಂದಿಗೆ ತೋರಿಸಬಹುದು. ವಾದ ಕಟ್ಟುವುದು ಚುಕ್ಕೆಗಳ ಮೇಲಿರಲಿ.

ಕೊನೆಯದಾಗಿ ನಮ್ಮ ತಾಲ್ಲೂಕುಗಳ ಪ್ರಶ್ನೆ. ಸೈಪ್ ಮಾದರಿಯ ಬೆರಕೆಗೆ ಎರಡು ಕೈ ಬೇಕು: ಒಂದು ನೇರ ಅಂದಾಜು, ಇನ್ನೊಂದು ಪೂರಕ ಮಾಹಿತಿ. ಪೂರಕ ಮಾಹಿತಿಗೆ ನಮ್ಮಲ್ಲಿ ಕೊರತೆಯಿಲ್ಲ. ಪಡಿತರ ಚೀಟಿ, ವಿದ್ಯುತ್ ಬಳಕೆ, ಜನಗಣತಿಯ ಮನೆಪಟ್ಟಿ ಮತ್ತು ಆಸ್ತಿ ವಿವರ ಇವೆ. ಆದರೆ ನಮ್ಮ ಜನಗಣತಿ ಮನೆಯ ಆದಾಯವನ್ನು ಕೇಳುವುದಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಗ್ರಾಮೀಣ ಮನೆಗಳಲ್ಲಿ ಅತಿ ಹೆಚ್ಚು ದುಡಿಯುವವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆಯೇ, 10,000ಕ್ಕಿಂತ ಹೆಚ್ಚೇ ಎಂಬಷ್ಟನ್ನು ಮಾತ್ರ ಕೇಳಲಾಗಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಗೃಹಬಳಕೆ ವೆಚ್ಚದ ಸುತ್ತುಗಳು ಅಳೆಯುವುದು ಖರ್ಚನ್ನು, ಆದಾಯವನ್ನಲ್ಲ. ರಾಜ್ಯದ ಆರ್ಥಿಕ ಸಮೀಕ್ಷೆ ಕೊಡುವ ಜಿಲ್ಲಾವಾರು ತಲಾ ಆದಾಯವು ಉತ್ಪಾದನೆಯ ಮೌಲ್ಯವನ್ನು ಜನರಿಂದ ಭಾಗಿಸಿದ ಸರಾಸರಿ. ಮಧ್ಯಾಂಕವನ್ನು ಅದರಿಂದ ತೆಗೆಯಲಾಗದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ನಿಮ್ಮ ಮುಂದಿರುವ ಸಾಮಗ್ರಿಯಿಂದಲೂ ಇಂಥ ಸೂಚ್ಯಂಕವನ್ನು ಕಟ್ಟಬಹುದು, ರೂಪಾಯಿ ಲೆಕ್ಕದ ಮಧ್ಯಾಂಕವನ್ನಲ್ಲ. ರೂಪಾಯಿಯ ಅಂಕಿಯೇ ಬೇಕೆಂದಾದರೆ ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿ ನೀವೇ ಸಮೀಕ್ಷೆ ನಡೆಸಬೇಕಾಗುತ್ತದೆ. ಆಗಲೂ ಅದು ಒಂದು ವರ್ಷದ ಚುಕ್ಕೆಯಾಗುತ್ತದೆಯೇ ಹೊರತು ಸರಣಿಯಾಗುವುದಿಲ್ಲ.

ಹಳೆಯ ಅಂಕಿಗಳನ್ನು ಹುಡುಕುವಾಗ ಗಡಿಯನ್ನೂ ಪರಿಶೀಲಿಸಿ. ಅಮೆರಿಕದಲ್ಲಿ ಕೌಂಟಿಗಳ ಗಡಿ ಅಪರೂಪಕ್ಕೆ ಬದಲಾಗುತ್ತದೆ. ಸೌತ್ ಡಕೋಟಾದ ಶಾನನ್ ಕೌಂಟಿ 2015ರಲ್ಲಿ ಒಗ್ಲಾಲಾ ಲಕೋಟಾ ಎಂದಾಗಿ ಅದರ ಸಂಕೇತ ಸಂಖ್ಯೆಯೂ ಬದಲಾಯಿತು, ಕನೆಕ್ಟಿಕಟ್‌ನ ಅಂಕಿಗಳಲ್ಲಿ 2022ರಿಂದ ಕೌಂಟಿಗಳ ಬದಲು ಯೋಜನಾ ಪ್ರದೇಶಗಳು ಬಂದವು. ಮ್ಯಾಕ್‌ಡವೆಲ್‌ಗೆ ಆ ತೊಂದರೆ ಇಲ್ಲ. ನಿಮ್ಮ ಕಡೆ ಇದೆ: 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಬೇರೆಯಾಯಿತು, ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಕೆಜಿಎಫ್ ಈಗ ಪ್ರತ್ಯೇಕ ತಾಲ್ಲೂಕು. 2001ರ ಕೋಷ್ಟಕದ ಬಂಗಾರಪೇಟೆಯನ್ನು ಇಂದಿನ ಬಂಗಾರಪೇಟೆಯೊಂದಿಗೆ ಹೋಲಿಸುವ ಮುನ್ನ ಹೋಬಳಿವಾರು ಹಳ್ಳಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಎರಡೂ ಕಡೆ ಒಂದೇ ಊರುಗಳಿವೆಯೆಂದು ಖಚಿತಪಡಿಸಿಕೊಳ್ಳಿ.